ಪದ ಬೇಕಿತ್ತು: ಪ್ಲಾನೆಟರಿ ಗಿಯರಿನ ‘ರೋಲಿಂಗ್ ಪವರ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ರಿಗೂ ನಮಸ್ಕಾರ. ಪ್ಲಾನೆಟರಿ ಗಿಯರಲ್ಲಿ ಎಷ್ಟು ಪವರ್ ಪೋಲಾಗತ್ತೆ ಅಂತ ಮೊದ್ಲೇ ಲೆಕ್ಕ ಹಾಕೋದು ಹೇಗೆ ಅಂತ ಡಿಪ್ಲೊಮಾ ಹುಡುಗರಿಗೆ ಕನ್ನಡದಲ್ಲಿ ನೋಟ್ಸ್ ಬರೀತಿದೀನಿ, ಒಂದು ಪದದ ಹತ್ರ ನಿಂತೋಗಿದೆ. ಸನ್ (ನಡುವಿನ ಗಿಯರ್), ಪ್ಲಾನೆಟ್ (ಅದರ ಸುತ್ತ ಓಡಾಡೋ ಗಿಯರುಗಳು), ರಿಂಗ್ (ಹೊರಗಡೆ ಸುತ್ತುವರಿದಿರೋ ಒಳಹಲ್ಲಿನ ಗಿಯರ್), ಕ್ಯಾರಿಯರ್ (ಪ್ಲಾನೆಟ್‌ಗಳನ್ನ ಹಿಡ್ಕೊಂಡಿರೋ ಚೌಕಟ್ಟು) ಇವನ್ನೆಲ್ಲ ಹಾಗೇ ಇಟ್ಕೊಂಡಿದೀನಿ, ಪೀಣ್ಯದಲ್ಲಿ ಗಿಯರ್ ಕಟ್ ಮಾಡೋರ ಹತ್ರ ಹೋಗಿ ಸೂರ್ಯಚಕ್ರ ಅಂದ್ರೆ ಯಾರಿಗೆ ಅರ್ಥ ಆಗತ್ತೆ? ‘ಗ್ರಹಗಿಯರುಗಳ ಶಕ್ತಿನಷ್ಟದ ಭವಿಷ್ಯ’ ಅಂತ ಹೆಡಿಂಗ್ ಕೊಟ್ರಂತೂ ಯಾವ ಶಾಂತಿ ಮಾಡಿಸ್ಬೇಕು ಸಾರ್ ಅಂತಾರೆ. ಎಣ್ಣೆ ಚರ್ನ್ ಆಗೋದಕ್ಕೆ ‘ಎಣ್ಣೆ ಕಡೆತ’ ಚೆನ್ನಾಗೇ ಕೂತ್ಕೊಂಡಿದೆ, ಗಿಯರು ಎಣ್ಣೇಲಿ ತಿರುಗ್ತಾ ಮೊಸರು ಕಡೆದಂಗೆ ಕಡೆಯತ್ತೆ, ಲೋಡ್ ಇಲ್ದೇ ಹೋದ್ರೂ ಆ ನಷ್ಟ ಇದ್ದೇ ಇರತ್ತೆ.

ತೊಂದರೆ ಇರೋದು ಲೋಡ್ ಜೊತೆ ಏರೋ ನಷ್ಟದಲ್ಲಿ. ಉದಾಹರಣೆಗೆ ಸನ್ನಿಗೆ 24 ಹಲ್ಲು, ರಿಂಗಿಗೆ 72, ರಿಂಗ್ ಹಿಡಿದು ನಿಲ್ಸಿದೀವಿ, ಸನ್ 1500 ಆರ್‌ಪಿಎಂ ತಿರುಗಿದ್ರೆ ಕ್ಯಾರಿಯರ್ 375. ಈಗ ಕ್ಯಾರಿಯರ್ ಮೇಲೆ ಕೂತು ನೋಡಿದ್ರೆ (ಇಂಥ ಗಿಯರುಗಳ ವೇಗ ಲೆಕ್ಕ ಹಾಕೋಕೆ 1841ರಲ್ಲಿ ಇಂಗ್ಲೆಂಡಿನ ರಾಬರ್ಟ್ ವಿಲ್ಲಿಸ್ ಬರೆದ ಸೂತ್ರದ ಗುಟ್ಟೂ ಇದೇ) ಸನ್ ತಿರುಗ್ತಿರೋದು 1125 ಮಾತ್ರ. ಅಂದ್ರೆ ಒಳಗೆ ಬಂದ ಪವರಲ್ಲಿ ಮುಕ್ಕಾಲು ಭಾಗ ಹಲ್ಲಿಂದ ಹಲ್ಲಿಗೆ ದಾಟ್ಕೊಂಡು ಹೋಗತ್ತೆ, ಮಿಕ್ಕ ಕಾಲು ಭಾಗ ಇಡೀ ಸೆಟ್ಟು ಒಂದೇ ಗಟ್ಟಿಯಾಗಿ ಸುತ್ತಿದಂಗೆ ಸಾಗತ್ತೆ, ಅದಕ್ಕೆ ಹಲ್ಲಿನ ಘರ್ಷಣೆ ಇಲ್ಲ. ಕ್ಯಾರಿಯರ್ ನಿಲ್ಸಿ ಅಳೆದಾಗ 2% ಹೋಗ್ತಿದ್ರೆ ಇಲ್ಲಿ ಹೋಗೋದು ಆ ಮುಕ್ಕಾಲಿನ 2%, ಅಂದ್ರೆ 1.5%, ದಕ್ಷತೆ 98.5%.

ಈ ಹಲ್ಲು ದಾಟೋ ಪವರಿಗೇ ನನಗೆ ಹೆಸರು ಬೇಕಾಗಿರೋದು. ಜರ್ಮನ್ನರು ವೆಲ್ಟ್ಸ್‌ಲೈಸ್ಟುಂಗ್ ಅಂತಾರೆ, ಇಡೀ ಸೆಟ್ಟು ಒಟ್ಟಿಗೆ ಸುತ್ತಿ ಸಾಗಿಸೋ ಇನ್ನೊಂದಕ್ಕೆ ಕುಪ್ಲುಂಗ್ಸ್‌ಲೈಸ್ಟುಂಗ್. ಇಂಗ್ಲಿಷಲ್ಲಿ ರೋಲಿಂಗ್ ಪವರ್, ಕೆಲವರು ವರ್ಚುಯಲ್ ಪವರ್ ಅಂತಾನೂ ಬರೀತಾರೆ. ವರ್ಚುಯಲ್ ಅಂದ ತಕ್ಷಣ ಶಾಲೇಲಿ ಕಲಿತ ಕನ್ನಡಿಯ ‘ಮಿಥ್ಯ ಪ್ರತಿಬಿಂಬ’ ನೆನಪಾಗಿ ‘ಮಿಥ್ಯ ಪವರ್’ ಅಂದ್ಬಿಟ್ರೆ ಕೆಟ್ಟೋಯ್ತು, ಎಣ್ಣೆ ಬಿಸಿಯಾಗೋದು ನಿಜವಾಗ್ಲೂ ಆಗತ್ತಲ್ಲ! ‘ಉರುಳು ಪವರ್’ ಅಂದ್ರೆ ಒಬ್ಬರಿಗೆ ಉರುಳುಸೇವೆ, ಇನ್ನೊಬ್ಬರಿಗೆ ನೇಣು. ಅದೂ ಅಲ್ದೆ ಹಲ್ಲುಗಳು ಬರೀ ಉರುಳೋದು ಪಿಚ್ ಪಾಯಿಂಟಲ್ಲಿ (ಎರಡೂ ಗಿಯರಿನ ಪಿಚ್ ವೃತ್ತಗಳು ಮುಟ್ಟೋ ಜಾಗದಲ್ಲಿ) ಮಾತ್ರ, ಅದರ ಆಚೆ ಈಚೆ ಜಾರತ್ತೆ, ಹೆಚ್ಚಿನ ನಷ್ಟ ಆ ಜಾರಾಟದ್ದೇ.

‘ಹಲ್ಲಿನ ಪಾಲು’ ಅನ್ನೋಣ ಅಂದ್ಕೊಂಡೆ, ಹಗುರಾಗಿದೆ, ಬಾಯಿಗೂ ಬರತ್ತೆ. ಆದ್ರೆ ವೊಲ್ಫ್ರೊಮ್ ತರದ ಗಿಯರ್‌ಬಾಕ್ಸಲ್ಲಿ, ಅಂದ್ರೆ ಎರಡು ರಿಂಗಿನ ಹಲ್ಲಲ್ಲಿ ಸ್ವಲ್ಪವೇ ವ್ಯತ್ಯಾಸ ಇಟ್ಟು ಭಾರಿ ರೇಶಿಯೋ ತೆಗೀತಾರಲ್ಲ ಅಲ್ಲಿ, ಹಲ್ಲು ದಾಟೋ ಪವರ್ ಒಳಗೆ ಬಂದ ಪವರಿಗಿಂತ ಎಷ್ಟೋ ಪಟ್ಟು ಜಾಸ್ತಿ ಇರ್ಬೋದು. ಹತ್ತು ಪಟ್ಟು ಇದ್ರೆ ಅದೇ 2% ಸುಮಾರು 20% ಆಗ್ಬಿಡತ್ತೆ. ಇಡೀದಕ್ಕಿಂತ ದೊಡ್ಡದನ್ನ ಪಾಲು ಅಂತ ಹೇಗೆ ಕರೆಯೋದು?

ಸದ್ಯಕ್ಕೆ ‘ಹಲ್ಲುಕಚ್ಚು ಪವರ್’ ಅಂತ ಬರ್ಕೊಂಡಿದೀನಿ, ಮೆಷ್ ಆಗೋದಕ್ಕೆ ಹಲ್ಲು ಕಚ್ಕೊಳತ್ತೆ ಅಂತಾನೇ ಹೇಳ್ತೀವಲ್ಲ. ಹಲ್ಲು ಕಚ್ಕೊಂಡು ಸಹಿಸೋ ಅರ್ಥ ಅಡ್ಡ ಬರತ್ತಾ, ಅಥವಾ ಪರವಾಗಿಲ್ವಾ? ಮತ್ತೆ ಜೊತೇಲಿ ಸುತ್ತೋ ಆ ಇನ್ನೊಂದು ಪವರಿಗೆ ‘ಒಡಸುತ್ತು’ ಅಂದ್ರೆ ಹಳಗನ್ನಡ ಆಗೋಯ್ತಾ? ವರ್ಕ್‌ಶಾಪಲ್ಲಿ ಕೆಲಸ ಮಾಡಿರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ನಿಘಂಟು ಪದಕ್ಕಿಂತ ಅಲ್ಲಿ ಬಾಯಲ್ಲಿ ಓಡಾಡೋ ಪದ ಸಿಕ್ರೆ ಅದನ್ನೇ ಹಾಕ್ತೀನಿ.