ಅಪ್‌ಡೇಟ್: ತುಮಕೂರಿನ ಮನೆ ಪ್ಲ್ಯಾನ್‌ಗೆ ಕೊನೆಗೂ ಮಂಜೂರಾತಿ ಸಿಕ್ಕಿತು

ಹಳೆ ಮನೆ ಮೇಲೆ ಇನ್ನೊಂದು ಮಹಡಿ ಕಟ್ಟಲು ಹಾಕಿದ್ದ ಅರ್ಜಿ ವಾಪಸ್ ಬಂತು, ಏನು ಮಾಡಲಿ ಅಂತ ಕೇಳಿದ್ದೆನಲ್ಲ? ನಿನ್ನೆ ಲೈಸೆನ್ಸ್ ಕೈಗೆ ಬಂತು.

ದೊಡ್ಡ ತೊಡಕು ಪ್ಲ್ಯಾನ್‌ನಲ್ಲಿ ಇರಲೇ ಇಲ್ಲ. ನಮ್ಮದು 30x40 ಸೈಟು, 1,200 ಚದರಡಿ. ಕ್ರಯಪತ್ರದಲ್ಲೂ ಹಾಗೇ ಇದೆ. ಇ-ಖಾತೆಯಲ್ಲಿ (ಆಸ್ತಿಯ ಆನ್‌ಲೈನ್ ದಾಖಲೆ) ಮಾತ್ರ 30x38 ಅಂತ ಬಿದ್ದಿತ್ತು! ನೀವು ಹೇಳಿದ ಹಾಗೆ ಮೊದಲು ಅದನ್ನು ತಿದ್ದಿಸಿದೆ. ಜಾಸ್ತಿ ಚಪ್ಪಲಿ ಸವೆದದ್ದು ಅದಕ್ಕೇ. ಅಲ್ಲಿವರೆಗೂ ಸುಮ್ನೆ ನಕ್ಷೆ ಬದಲಾಯಿಸಿ ದುಡ್ಡು ದಂಡ ಮಾಡಿದ್ದೆ.

ಆಮೇಲೆ ಎಂಜಿನಿಯರ್ ಹಳೆ ಪಾಯ, ಪಿಲ್ಲರ್ ನೋಡಿ ಭಾರ ತಾಳುತ್ತದೆ ಅಂತ ಬರೆದುಕೊಟ್ಟರು. ಸೆಟ್‌ಬ್ಯಾಕ್‌ಗಾಗಿ, ಅಂದರೆ ಮನೆ ಸುತ್ತ ಬಿಡಬೇಕಾದ ಖಾಲಿ ಜಾಗಕ್ಕಾಗಿ, ಬಾಲ್ಕನಿ ಮೊಟಕಾಯಿತು. ಹಪ್ಪಳ ಎಲ್ಲಿ ಒಣಗಿಸಲಿ ಅಂತ ಅಮ್ಮನ ರಾಗ. ತಾರಸಿ ಇದೆಯಲ್ಲಮ್ಮ ಅಂದರೂ ಕೇಳುತ್ತಿಲ್ಲ.