ಎಕ್ಸ್‌ನಿಂದ ಬ್ಲೂಸ್ಕೈಗೋ, ಮಾಸ್ಟೊಡಾನ್‌ಗೋ? ಕನ್ನಡದಲ್ಲಿ ಬರೆಯುವವಳಿಗೆ ಯಾವುದು ಸರಿ?

ಸಾಗರದ ಟೀಚರ್

ನಮಸ್ಕಾರ. ಸಾಗರದ ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಎಕ್ಸ್‌ಗೆ ಇನ್ನೂ ಟ್ವಿಟರ್ ಅಂತ ಹೆಸರಿದ್ದ ಕಾಲದಿಂದ ಅಲ್ಲಿ ರಾತ್ರಿ ಆಕಾಶದ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸಂಜೆ ಪಶ್ಚಿಮದಲ್ಲಿ ಹೊಳೆಯುತ್ತಿರುವುದು ಶುಕ್ರ, ಡ್ರೋನ್ ಅಲ್ಲ, ಈ ಥರದ್ದು. ಮಳೆಗಾಲದಲ್ಲಿ ನಮ್ಮ ಕಡೆ ಆಕಾಶವೇ ಕಾಣುವುದಿಲ್ಲ. ಆಗ ಮಕ್ಕಳು, ಅವರ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳಿಗೆ ಉತ್ತರ ಬರೆಯುತ್ತೇನೆ. 2024ರ ಅಕ್ಟೋಬರ್‌ನಲ್ಲಿ ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಬಂದಾಗ ಫೋಟೋ ಹಾಕಿದ್ದೆ. ಅದರ ಕೆಳಗೆ ನಡೆದ ಮಾತುಕತೆಯನ್ನು ಈಗಲೂ ತರಗತಿಯಲ್ಲಿ ತೋರಿಸುತ್ತೇನೆ.

ನಾನು ಯಾರನ್ನು ಓದಿ ಕಲಿಯುತ್ತಿದ್ದೆನೋ ಆ ಖಗೋಳದವರು ಒಬ್ಬೊಬ್ಬರಾಗಿ ಎಕ್ಸ್ ಥರದ್ದೇ ಇನ್ನೊಂದು ತಾಣವಾದ ಬ್ಲೂಸ್ಕೈಗೆ ಹೋದರು. ಇನ್ನಿಬ್ಬರು ಅಂಥದ್ದೇ ಮತ್ತೊಂದಾದ ಮಾಸ್ಟೊಡಾನ್‌ನಲ್ಲಿದ್ದಾರೆ. ನನಗೂ ಹೋಗುವ ಮನಸ್ಸಿದೆ. ಆದರೆ ಟ್ವಿಟರ್ ಥರದ್ದೇ ಆ್ಯಪ್ ‘ಕೂ’ ಕಥೆ ನೋಡಿದ್ದೇವಲ್ಲ. ಬೆಂಗಳೂರಿನಲ್ಲೇ ಹುಟ್ಟಿತು, 2020ರಲ್ಲಿ ಕನ್ನಡದಿಂದಲೇ ಶುರುವಾಯಿತು, 2024ರ ಜುಲೈನಲ್ಲಿ ಬಾಗಿಲು ಹಾಕಿತು.

ಹಳೇ ಪೋಸ್ಟ್‌ಗಳು ನನ್ನ ಜೊತೆ ಬರುತ್ತವಾ? ಕನ್ನಡದವರು ಎಲ್ಲಿ ಜಾಸ್ತಿ ಸಿಗುತ್ತಾರೆ? ಹಳೇ ಖಾತೆ ಅಳಿಸಬೇಕಾ? ದಯವಿಟ್ಟು ತೀರಾ ಟೆಕ್ನಿಕಲ್ ಆಗಿ ಹೇಳಬೇಡಿ. ನಾನು ಫಿಸಿಕ್ಸ್‌ನವಳು, ಕಂಪ್ಯೂಟರ್ ಲ್ಯಾಬಿನ ಬೀಗದ ಕೈ ಬೇರೆಯವರ ಹತ್ತಿರ ಇದೆ.

ಫಿಲ್ಟರ್ ಕಾಫಿ

ಮೇಡಂ, ಎಲ್ಲಿಗೆ ಹೋಗಬೇಕು ಅನ್ನೋದನ್ನು ಆಮೇಲೆ ನೋಡೋಣ. ಇವತ್ತೇ ಎಕ್ಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಡೇಟಾದ ಆರ್ಕೈವ್, ಅಂದರೆ ನೀವು ಹಾಕಿದ್ದೆಲ್ಲದರ ಪ್ರತಿ, ಕೇಳಿ. ಪಾಸ್‌ವರ್ಡ್ ಕೇಳುತ್ತದೆ, ಸಿದ್ಧವಾಗಲು ಒಂದು ದಿನ ಅಥವಾ ಜಾಸ್ತಿಯೇ ಹಿಡಿಯುತ್ತದೆ. ಒಂದು ಜಿಪ್ ಫೈಲ್ ಸಿಗುತ್ತದೆ. ಬಿಚ್ಚಿದರೆ ಬ್ರೌಸರ್‌ನಲ್ಲೇ ತೆರೆದು ಓದಬಹುದು, ಇಂಟರ್ನೆಟ್ ಬೇಡ.

ಒಂದು ವಿಷಯ ಜನ ಮರೆಯುತ್ತಾರೆ. ಆ ಜಿಪ್‌ನಲ್ಲಿ ಇರುವುದು ನೀವು ಬರೆದದ್ದು ಮಾತ್ರ. ಧೂಮಕೇತುವಿನ ಕೆಳಗೆ ಬೇರೆಯವರು ಬರೆದದ್ದು ಅದರಲ್ಲಿ ಬರುವುದಿಲ್ಲ. ಅದು ಬೇಕಿದ್ದರೆ ಈಗಲೇ ಆ ಪುಟ ತೆರೆದು ಪಿಡಿಎಫ್ ಮಾಡಿಟ್ಟುಕೊಳ್ಳಿ.

ಹಳೇ ಪೋಸ್ಟ್‌ಗಳನ್ನು ಬ್ಲೂಸ್ಕೈಗೆ ತಂದು ಹಾಕುವ ಟೂಲ್‌ಗಳಿವೆ. ನಾನಾದರೆ ಹಾಕುವುದಿಲ್ಲ. ಉತ್ತರಗಳಿಲ್ಲದ ಹಳೇ ಪೋಸ್ಟ್‌ಗಳನ್ನು ಅಲ್ಲಿ ಯಾರು ಓದುತ್ತಾರೆ?

ನಿಮಗೆ ಬ್ಲೂಸ್ಕೈ ಸರಿ ಅಂತ ನನ್ನ ಲೆಕ್ಕ. ಒಂದು, ವೃತ್ತಿಯ ಖಗೋಳ ವಿಜ್ಞಾನಿಗಳೇ ನಡೆಸುವ ಅಸ್ಟ್ರಾನಮಿ ಫೀಡ್ (ಆ ವಿಷಯದ ಪೋಸ್ಟ್‌ಗಳನ್ನು ಒಟ್ಟಿಗೆ ತೋರಿಸುವ ಪಟ್ಟಿ) ಅಲ್ಲಿದೆ, ಯಾರು ಬೇಕಾದರೂ ಓದಬಹುದು. ಇನ್ನೊಂದು, ಕನ್ನಡಕ್ಕೆ ಜಾಗ ಜಾಸ್ತಿ. ಒಂದು ಪೋಸ್ಟ್‌ಗೆ ಎಕ್ಸ್‌ನಲ್ಲಿ ದುಡ್ಡು ಕೊಡದವರಿಗೆ 280 ಅಕ್ಷರ, ಬ್ಲೂಸ್ಕೈನಲ್ಲಿ ಎಲ್ಲರಿಗೂ 300. ಕೇಳಲು ಇಪ್ಪತ್ತೇ ವ್ಯತ್ಯಾಸ, ಆದರೆ ಎಣಿಸುವ ರೀತಿಯೇ ಬೇರೆ. ಎಕ್ಸ್ ಗುಡಿಸು, ಸೊನ್ನೆ, ಒತ್ತು ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. ‘ಚಂದಿರ’ ಅಂತ ಬರೆದರೆ ಅಲ್ಲಿ ಐದು, ಬ್ಲೂಸ್ಕೈನಲ್ಲಿ ಮೂರೇ. ಅಲ್ಲಿ ಎರಡು ಪೋಸ್ಟ್ ಆಗುತ್ತಿದ್ದದ್ದು ಇಲ್ಲಿ ಎಷ್ಟೋ ಸಲ ಒಂದರಲ್ಲೇ ಮುಗಿಯುತ್ತದೆ.

ಹಳೇ ಹಕ್ಕಿ

ಟೀಚರ್, ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ. 2019ರ ಕೊನೆಯಲ್ಲಿ ಸುಪ್ರೀಂ ಕೋರ್ಟ್ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದಾಗ ಭಾರತದವರು ಗುಂಪುಗುಂಪಾಗಿ ಮಾಸ್ಟೊಡಾನ್‌ಗೆ ಹೋದರು. ನಾನೂ ಹೋದೆ. 2022ರ ಅಕ್ಟೋಬರ್‌ನಲ್ಲಿ ಮಸ್ಕ್ ಟ್ವಿಟರ್ ಕೊಂಡಾಗ ಇನ್ನೊಂದು ಸುತ್ತು. ಎರಡು ಸಲವೂ ನನ್ನ ಪರಿಚಯದ ಬಹುತೇಕರು ಸದ್ದಿಲ್ಲದೆ ವಾಪಸ್. ಗುಳೆ ಹೋದವರು ಹಬ್ಬಕ್ಕೆ ಊರಿಗೆ ಬಂದು ಅಲ್ಲೇ ಉಳಿದ ಹಾಗೆ.

ಕನ್ನಡದವರು ಎಲ್ಲಿ ಅಂತ ಕೇಳಿದಿರಿ. ಇನ್ನೂ ಎಕ್ಸ್‌ನಲ್ಲೇ. ಮಳೆ ಎಷ್ಟು ಬಿತ್ತು ಅಂತ ರಾಜ್ಯದ ವಿಕೋಪ ನಿರ್ವಹಣಾ ಕೇಂದ್ರ ಹಾಕುವುದೂ ಅಲ್ಲೇ. ನಿಮ್ಮ ಖಗೋಳದವರು ಹೋಗಿರಬಹುದು, ನಿಮ್ಮ ಮಕ್ಕಳ ಅಪ್ಪ ಅಮ್ಮಂದಿರು ಹೋಗಿದ್ದಾರಾ? ಓದುವುದಕ್ಕೆ ಬ್ಲೂಸ್ಕೈಗೆ ಹೋಗಿ. ಎಕ್ಸ್‌ನಲ್ಲಿ ಬರೆಯುವುದನ್ನೂ ಬಿಡಬೇಡಿ.

ಖಾತೆಯನ್ನಂತೂ ಅಳಿಸಬೇಡಿ. ನಿಷ್ಕ್ರಿಯ ಮಾಡಿ 30 ದಿನ ಲಾಗಿನ್ ಆಗದಿದ್ದರೆ ಹೋಯಿತು. ಆಮೇಲೆ ಅದೇ ಹೆಸರಿನಲ್ಲಿ ಬೇರೆ ಯಾರೋ ಕೂತು ರಾಶಿಫಲ ಬರೆಯಬಹುದು.

ಕೊಪ್ಪದಿಂದ

ಮಾಸ್ಟೊಡಾನ್ ಪರವಾಗಿಯೂ ಯಾರಾದರೂ ಮಾತಾಡಬೇಕಲ್ವಾ. 2016ರಿಂದ ಇದೆ, ಒಂದೇ ಕಂಪನಿಯ ಕೈಯಲ್ಲಿಲ್ಲ. ಬೇರೆ ಬೇರೆಯವರು ನಡೆಸುವ ಸಾವಿರಾರು ಸರ್ವರ್‌ಗಳು, ಎಲ್ಲಿಂದ ಎಲ್ಲಿಗೆ ಬೇಕಾದರೂ ಮಾತಾಡಬಹುದು. ಸರ್ವರ್ ಬದಲಿಸಿದರೆ ನಿಮ್ಮ ಫಾಲೋವರ್‌ಗಳು ಜೊತೆಗೆ ಬರುತ್ತಾರೆ, ಪೋಸ್ಟ್‌ಗಳು ಬರುವುದಿಲ್ಲ. ತಪ್ಪು ಬರೆದರೆ ತಿದ್ದಬಹುದು. ಗ್ರಹಣದ ಸಮಯ ತಪ್ಪಾಗಿ ಹಾಕಿದರೆ ಎಷ್ಟು ಅನುಕೂಲ ಅಂತ ನಿಮಗೇ ಗೊತ್ತು! ಆದರೆ ಸಪ್ಪೆ ಅನಿಸುತ್ತದೆ, ನಿಜ. ಹ್ಯಾಶ್‌ಟ್ಯಾಗ್ ಹಾಕದಿದ್ದರೆ ಹೊಸಬರನ್ನು ಯಾರೂ ಕಾಣುವುದೇ ಇಲ್ಲ.

ಎರಡು ಕಡೆ ಬೇರೆ ಬೇರೆ ಖಾತೆ ಬೇಡ ಅಂದರೆ ಬ್ರಿಡ್ಜಿ ಫೆಡ್ ಅಂತ ಸೇತುವೆ ಇದೆ. ಬ್ಲೂಸ್ಕೈನಲ್ಲಿರುವ ಅದರ ಖಾತೆಯನ್ನು ಫಾಲೋ ಮಾಡಿದರೆ ಸಾಕು, ನಿಮ್ಮ ಪೋಸ್ಟ್‌ಗಳನ್ನು ಮಾಸ್ಟೊಡಾನ್‌ನವರೂ ಫಾಲೋ ಮಾಡಬಹುದು. ನಿಮ್ಮ ಆ ಇಬ್ಬರು ನಿಮಗೆ ಕಾಣಬೇಕಾದರೆ ಅವರೂ ಅವರ ಕಡೆಯಿಂದ ಹೀಗೇ ಮಾಡಬೇಕು. ಕೇಳಿ ನೋಡಿ.

ಸಾಗರದ ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ಆರ್ಕೈವ್ ಬಂತು. ಫಿಲ್ಟರ್ ಕಾಫಿಯವರು ಹೇಳಿದ್ದು ತೆರೆದು ನೋಡಿದ ಮೇಲೆ ಸರಿಯಾಗಿ ಅರ್ಥವಾಯಿತು. ‘ಇಲ್ಲ, ಚಂದ್ರ ನಿಮ್ಮ ಕಾರಿನ ಹಿಂದೆ ಓಡಿ ಬರುತ್ತಿಲ್ಲ, ತುಂಬಾ ದೂರ ಇರುವುದರಿಂದ ಹಾಗೆ ಕಾಣುತ್ತದೆ’ ಅಂತ ನನ್ನ ಉತ್ತರ ಇದೆ, ಪ್ರಶ್ನೆ ಇಲ್ಲ. ಸಾಲಾಗಿ ಬರೀ ಉತ್ತರಗಳೇ. ಈಗ ಒಂದೊಂದೇ ತೆರೆದು ಪಿಡಿಎಫ್ ಮಾಡುತ್ತಿದ್ದೇನೆ. ಒಂದಷ್ಟು ಕಡೆ ಪ್ರಶ್ನೆ ಕೇಳಿದವರ ಖಾತೆಯೇ ಇಲ್ಲ.

ಬ್ಲೂಸ್ಕೈನಲ್ಲಿ ಖಾತೆ ತೆರೆದೆ. ಇನ್ನು ಮೇಲೆ ಮೊದಲು ಅಲ್ಲಿ ಬರೆದು, ಆಮೇಲೆ ಎಕ್ಸ್‌ನಲ್ಲೂ ಹಾಕುತ್ತೇನೆ. ಮಕ್ಕಳ ಪ್ರಶ್ನೆಯನ್ನು ನನ್ನ ಪೋಸ್ಟ್‌ನ ಒಳಗೇ ಸೇರಿಸಿ ಬರೆಯುತ್ತೇನೆ, 300ರಲ್ಲಿ ಹಿಡಿಯುತ್ತದೆ. ಎಕ್ಸ್‌ನಲ್ಲಿ ನಾನು ಫಾಲೋ ಮಾಡುತ್ತಿದ್ದವರನ್ನು ಇಲ್ಲಿ ಒಟ್ಟಿಗೆ ಹುಡುಕುವ ದಾರಿ ಇದೆಯಾ?

ಫಿಲ್ಟರ್ ಕಾಫಿ

ಸ್ಕೈ ಫಾಲೋವರ್ ಬ್ರಿಡ್ಜ್ ಅನ್ನುವ ಬ್ರೌಸರ್ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸುವ ಸಣ್ಣ ಟೂಲ್) ಇದೆ, ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಳ್ಳಿ. ಹೆಸರು ಹೋಲಿಸಿ ಹುಡುಕುತ್ತದೆ ಅಷ್ಟೇ, ಹಾಗಾಗಿ ನಕಲಿ ಖಾತೆಯೂ ಸಿಗಬಹುದು. ಎಲ್ಲರಿಗೂ ಒಂದೇ ಸಲ ಫಾಲೋ ಒತ್ತಬೇಡಿ. ಪೋಸ್ಟ್ ಬರೆಯುವಾಗ ಭಾಷೆ ‘ಕನ್ನಡ’ ಅಂತ ಆರಿಸಿಕೊಳ್ಳಿ ಮೇಡಂ, ಮೊದಲಿಂದ ಇಂಗ್ಲಿಷ್ ಅಂತ ಇರುತ್ತದೆ. ಭಾಷೆ ನೋಡಿ ಪೋಸ್ಟ್ ಆರಿಸುವ ಫೀಡ್‌ಗಳಿವೆ, ಅದನ್ನು ಬದಲಿಸದಿದ್ದರೆ ನೀವು ಬರೆದದ್ದು ಅವುಗಳ ಕಣ್ಣಿಗೆ ಬೀಳುವುದಿಲ್ಲ.