ಸಾಧನಾ ಪರೀಕ್ಷೆಯ ಕೆಆರ್-20 ಬೆಲೆ 0.41 ಬರ್ತಿದೆ, ಎಲ್ಲಿ ತಪ್ಪಿರಬಹುದು?

ಎಂಎಡ್_ಎರಡನೇ_ವರ್ಷ:
ಎಲ್ಲರಿಗೂ ನಮಸ್ಕಾರ. ಪ್ರಬಂಧಕ್ಕಾಗಿ ಒಂಬತ್ತನೇ ತರಗತಿ ವಿಜ್ಞಾನದಲ್ಲಿ ಒಂದು ಸಾಧನಾ ಪರೀಕ್ಷೆ ತಯಾರು ಮಾಡಿದ್ದೇನೆ. ಪಾಠಗಳು ಚಲನೆ, ಬಲ, ಗುರುತ್ವ. ಒಟ್ಟು 40 ಬಹು ಆಯ್ಕೆ ಪ್ರಶ್ನೆ, ತಲಾ ಒಂದು ಅಂಕ. ಎರಡು ಬೋಧನಾ ವಿಧಾನಗಳನ್ನು ಹೋಲಿಸುವುದು ಮುಂದಿನ ಕೆಲಸ. ಅದಕ್ಕೂ ಮೊದಲು ಒಂದು ಶಾಲೆಯ 60 ಮಕ್ಕಳಿಗೆ ಪೈಲಟ್ ಕೊಟ್ಟೆ. ಸರಾಸರಿ 31.5, ಮಾನಕ ವಿಚಲನೆ 3. ಕೆಆರ್-20 (ಪರೀಕ್ಷೆಯ ಅಂಕಗಳನ್ನು ಎಷ್ಟು ನಂಬಬಹುದು ಅನ್ನೋ ವಿಶ್ವಸನೀಯತೆಯ ಅಳತೆ, 1ರ ಹತ್ತಿರ ಇದ್ದಷ್ಟು ಒಳ್ಳೇದು) ಮಾತ್ರ 0.41. ಗೈಡ್ ಮೇಡಂ 0.7 ಇಲ್ಲದೆ ಮುಂದೆ ಹೋಗಬೇಡಿ ಅಂದಿದ್ದಾರೆ. ಲೆಕ್ಕ ಎಲ್ಲಾ ಎಕ್ಸೆಲ್‌ನಲ್ಲೇ ಮಾಡಿದ್ದು. ಪ್ರಶ್ನೆಗಳೇ ಸರಿ ಇಲ್ವಾ, ಲೆಕ್ಕ ತಪ್ಪಾಗಿದೆಯಾ, ಗೊತ್ತಾಗ್ತಿಲ್ಲ.

ಅಂಕಿಮೇಷ್ಟ್ರು:
ಮೊದಲು ಲೆಕ್ಕ ನೋಡೋಣ, ಪ್ರಶ್ನೆಗಳ ತಂಟೆ ಆಮೇಲೆ. ಕೂಡರ್ ಮತ್ತು ರಿಚರ್ಡ್‌ಸನ್ 1937ರಲ್ಲಿ ಕೊಟ್ಟ ಸಾಲು ಸಾಲು ಸೂತ್ರಗಳಲ್ಲಿ 20ನೆಯದು ಇದು. ಕೆಲಸ ಸರಳ. ಪ್ರತಿ ಪ್ರಶ್ನೆಗೆ ಸರಿ ಬರೆದವರ ಪಾಲು, ತಪ್ಪು ಬರೆದವರ ಪಾಲು ಎರಡನ್ನೂ ಗುಣಿಸಿ, 40 ಪ್ರಶ್ನೆಗಳದ್ದನ್ನೂ ಕೂಡಿಸಬೇಕು. ಆ ಮೊತ್ತ ಒಟ್ಟು ಅಂಕಗಳ ವಿಚಲನೆಯ ವರ್ಗದ ಮುಂದೆ ಎಷ್ಟು ಸಣ್ಣದೋ ಕೆಆರ್-20 ಅಷ್ಟು ದೊಡ್ಡದು. ನಿಮ್ಮ ಮೊತ್ತ ಎಷ್ಟು ಬಂತು? ಇನ್ನೊಂದು, ಮಕ್ಕಳು ಉತ್ತರ ಬರೆಯದೇ ಬಿಟ್ಟ ಕಡೆ ಶೀಟಿನಲ್ಲಿ 0 ಹಾಕಿದ್ದೀರಾ, ಖಾಲಿ ಬಿಟ್ಟಿದ್ದೀರಾ?

ಎಂಎಡ್_ಎರಡನೇ_ವರ್ಷ:
ಮೊತ್ತ 5.4, ವಿಚಲನೆಯ ವರ್ಗ 9. ಬಿಟ್ಟ ಉತ್ತರಗಳನ್ನು ಖಾಲಿ ಬಿಟ್ಟಿದ್ದೇನೆ ಸರ್. ಅದರಿಂದ ತೊಂದರೆಯಾ?

ಅಂಕಿಮೇಷ್ಟ್ರು:
ಆಗುತ್ತೆ. ಎಕ್ಸೆಲ್‌ನ ಆವರೇಜ್ ಫಾರ್ಮುಲಾ ಖಾಲಿ ಮನೆಗಳನ್ನು ಲೆಕ್ಕಕ್ಕೇ ತಗೊಳ್ಳಲ್ಲ. 60 ಜನರಲ್ಲಿ 45 ಜನ ಸರಿ, 9 ಜನ ತಪ್ಪು, 6 ಜನ ಬಿಟ್ಟಿದ್ದಾರೆ ಅಂದ್ಕೊಳ್ಳಿ. ಸರಿ ಬರೆದವರ ಪಾಲು 0.75 ಬರಬೇಕು, ನಿಮಗೆ 0.83 ತೋರಿಸುತ್ತೆ. ಎಲ್ಲಾ ಖಾಲಿ ಮನೆಗೂ 0 ತುಂಬಿ ಮತ್ತೆ ನೋಡಿ.

ಎಂಎಡ್_ಎರಡನೇ_ವರ್ಷ:
ತುಂಬಿದೆ. ಈಗ 0.38! ಇನ್ನೂ ಇಳಿದುಹೋಯ್ತಲ್ಲ ಸರ್.

ಕರಾವಳಿ_ಟೀಚರ್:
ಇಳಿದರೂ ಇದೇ ಸರಿಯಾದ ಲೆಕ್ಕ, ಬೇಜಾರು ಮಾಡ್ಕೋಬೇಡಿ. ಈಗ ಪ್ರಶ್ನೆವಾರು ನೋಡಿ. 60 ಪತ್ರಿಕೆಗಳನ್ನು ಒಟ್ಟು ಅಂಕದ ಪ್ರಕಾರ ಜೋಡಿಸಿ. ಮೇಲಿನ 27 ಶೇಕಡಾ, ಕೆಳಗಿನ 27 ಶೇಕಡಾ ಬೇರೆ ಮಾಡಿ. ನಿಮಗೆ 16-16 ಪತ್ರಿಕೆ ಬರುತ್ತೆ. (ಈ 27ರ ಲೆಕ್ಕ ಕೆಲ್ಲಿ 1939ರಲ್ಲಿ ಹಾಕಿಕೊಟ್ಟಿದ್ದು.) ಪ್ರತಿ ಪ್ರಶ್ನೆಗೂ ಮೇಲಿನವರಲ್ಲಿ ಸರಿ ಎಷ್ಟು, ಕೆಳಗಿನವರಲ್ಲಿ ಸರಿ ಎಷ್ಟು, ಕಳೆದು 16ರಿಂದ ಭಾಗಿಸಿ. ಸಿಗೋದು ತಾರತಮ್ಯ ಬೆಲೆ, ಅಂದರೆ ಚೆನ್ನಾಗಿ ಓದುವವರನ್ನೂ ಹಿಂದುಳಿದವರನ್ನೂ ಆ ಪ್ರಶ್ನೆ ಎಷ್ಟು ಬೇರೆ ಮಾಡಿ ತೋರಿಸುತ್ತೆ ಅನ್ನೋದು. ಮೈನಸ್ ಬಂದ ಪ್ರಶ್ನೆ ಇದ್ದರೆ ಅದರ ನಾಲ್ಕೂ ಆಯ್ಕೆಗಳ ಎಣಿಕೆ ಇಲ್ಲಿ ಹಾಕಿ.

ಎಂಎಡ್_ಎರಡನೇ_ವರ್ಷ:
ಪತ್ರಿಕೆ ಕಟ್ಟು ಬಿಚ್ಚಿ ಎಣಿಸಿದೆ ಮೇಡಂ. ಪ್ರಶ್ನೆ 23 ಮಾತ್ರ ಮೈನಸ್ 0.31.
ಮೇಲಿನವರು: ಎ 1, ಬಿ 4, ಸಿ 11, ಡಿ 0.
ಕೆಳಗಿನವರು: ಎ 3, ಬಿ 9, ಸಿ 3, ಡಿ 1.
ಕೀ ಉತ್ತರ ಬಿ. ಪ್ರಶ್ನೆ 31ಕ್ಕೆ 0, ಎರಡೂ ಗುಂಪಿನಲ್ಲಿ ಐದೈದೇ ಜನ ಸರಿ. ಇನ್ನು 14 ಪ್ರಶ್ನೆಗಳಿಗೆ ಹೆಚ್ಚುಕಮ್ಮಿ ಎಲ್ಲರೂ ಸರಿ ಬರೆದಿದ್ದಾರೆ.

ಕರಾವಳಿ_ಟೀಚರ್:
23ನೇ ಪ್ರಶ್ನೆ ಏನದು? ಚೆನ್ನಾಗಿ ಓದುವ 16ರಲ್ಲಿ 11 ಮಕ್ಕಳು ಒಟ್ಟಾಗಿ ಸಿ ಬರೆದಿದ್ದಾರೆ ಅಂದರೆ ನನಗೆ ಮಕ್ಕಳಿಗಿಂತ ಕೀ ಮೇಲೇ ಅನುಮಾನ.

ಎಂಎಡ್_ಎರಡನೇ_ವರ್ಷ:
"ನೇರವಾಗಿ ಮೇಲಕ್ಕೆ ಎಸೆದ ಚೆಂಡು ಗರಿಷ್ಠ ಎತ್ತರದಲ್ಲಿರುವಾಗ ಅದರ ವೇಗೋತ್ಕರ್ಷ ಎಷ್ಟು?" ಬಿ ಸೊನ್ನೆ, ಸಿ 9.8 ಮೀ/ಸೆ² ಕೆಳಮುಖವಾಗಿ. ಪ್ರಶ್ನೆ, ಉತ್ತರ ಎರಡೂ ಒಂದು ಹಳೇ ಪ್ರಶ್ನೆ ಕೋಶದಿಂದ ತಗೊಂಡಿದ್ದು.

ಅಂಕಿಮೇಷ್ಟ್ರು:
ಸಿಕ್ಕಿತು ನೋಡಿ! ಅಲ್ಲಿ ಸೊನ್ನೆ ಆಗೋದು ವೇಗ. ವೇಗೋತ್ಕರ್ಷ ಏರುವಾಗಲೂ ಇಳಿಯುವಾಗಲೂ ತುದಿಯಲ್ಲೂ ಅದೇ 9.8, ಕೆಳಮುಖ. ಸಿ ಸರಿ. ಪ್ರಶ್ನೆ ಮಾತ್ರ ಒಳ್ಳೇದು, ತೆಗೆಯಬೇಡಿ. ಕೀ ತಿದ್ದಿದರೆ ತಾರತಮ್ಯ 0.5 ಆಗುತ್ತೆ. ಪರೀಕ್ಷಾ ತಜ್ಞ ಎಬೆಲ್ ಅಳತೆ ಪ್ರಕಾರ 0.4 ದಾಟಿದರೇ ತುಂಬ ಒಳ್ಳೆ ಪ್ರಶ್ನೆ. ಅಂಕ ಬದಲಾದ ಮೇಲೆ ಗುಂಪುಗಳನ್ನು ಇನ್ನೊಮ್ಮೆ ಜೋಡಿಸಿಕೊಳ್ಳಿ, ಒಂದಿಬ್ಬರು ಆಚೀಚೆ ಆಗಬಹುದು.

ಸೊನ್ನೆಒಂದು:
ಇಷ್ಟೆಲ್ಲಾ ಯಾಕೆ? ತಾರತಮ್ಯ 0.2ಕ್ಕಿಂತ ಕಡಿಮೆ ಇರೋದನ್ನೆಲ್ಲ ಕಿತ್ತುಹಾಕಿ. ಬೆಲೆ ತಾನಾಗೇ ಮೇಲೇರುತ್ತೆ. ನಾನು ಸಾಫ್ಟ್‌ವೇರ್‌ನಲ್ಲಿ ಒಂದೊಂದೇ ಐಟಂ ತೆಗೀತಾ ಹೋಗ್ತೀನಿ, 0.7 ಬಂದ ತಕ್ಷಣ ನಿಲ್ಲಿಸ್ತೀನಿ.

ಕರಾವಳಿ_ಟೀಚರ್:
ಅದನ್ನು ಮಾತ್ರ ಮಾಡಬೇಡಿ. ಆ 60 ಮಕ್ಕಳ ಉತ್ತರಕ್ಕೆ ಹೊಂದುವ ಹಾಗೆ ಪ್ರಶ್ನೆ ಆರಿಸಿ, ಬೆಲೆಯನ್ನೂ ಅದೇ 60 ಮಕ್ಕಳಿಂದಲೇ ಲೆಕ್ಕ ಹಾಕಿದರೆ ಚೆನ್ನಾಗೇ ಕಾಣುತ್ತೆ. ಬೇರೆ ಶಾಲೆಗೆ ಹೋದ ತಕ್ಷಣ ಬೀಳುತ್ತೆ. ಅದಕ್ಕಿಂತ ದೊಡ್ಡ ವಿಷಯ ನೀಲನಕ್ಷೆ. ಯಾವ ಪಾಠಕ್ಕೆ ಎಷ್ಟು ಅಂಕ, ಜ್ಞಾನಕ್ಕೆ ಎಷ್ಟು, ತಿಳಿವಳಿಕೆಗೆ ಎಷ್ಟು, ಅನ್ವಯಕ್ಕೆ ಎಷ್ಟು ಅಂತ ಹಾಕಿಕೊಂಡಿರ್ತೀರಲ್ಲ, ಅದರಿಂದ ಸುಮ್ನೆ 14 ಪ್ರಶ್ನೆ ಎತ್ತಿದರೆ ಚಲನೆ ಪಾಠದ ಜ್ಞಾನದ ಸಾಲೇ ಖಾಲಿ ಆಗಬಹುದು. ಆಗ ವಿಶ್ವಸನೀಯತೆ ಏರಿ ಸಪ್ರಮಾಣತೆ (ಅಳೆಯಬೇಕಾದ್ದನ್ನೇ ಅಳೆಯುವ ಗುಣ) ಹೋಗುತ್ತೆ. ವೈವಾದಲ್ಲಿ ಮೊದಲು ಕೇಳೋದೇ ಅದನ್ನು.

ತೀರಾ ಸುಲಭ ಅನ್ನೋದೇ ತಪ್ಪೂ ಅಲ್ಲ. ಪಾಠ ಕಲಿತರೋ ಇಲ್ಲವೋ ಅಂತ ನೋಡುವ ಘಟಕ ಪರೀಕ್ಷೆಯಲ್ಲಿ ಎಲ್ಲರೂ ಸರಿ ಬರೆದರೆ ಸಂತೋಷವೇ, ಆದರೆ ಕೆಆರ್-20 ಪಾತಾಳಕ್ಕೆ ಹೋಗುತ್ತೆ. ಮಕ್ಕಳ ನಡುವೆ ವ್ಯತ್ಯಾಸ ಎಷ್ಟು ನಂಬುವ ಹಾಗಿದೆ ಅಂತ ಮಾತ್ರ ಅದು ಹೇಳೋದು. ವ್ಯತ್ಯಾಸವೇ ಇಲ್ಲದ ಕಡೆ ಅದಕ್ಕೆ ಹೇಳಲು ಏನೂ ಇರಲ್ಲ. ಪೈಲಟ್ ಕೊಟ್ಟಿದ್ದು ಯಾವಾಗ?

ಎಂಎಡ್_ಎರಡನೇ_ವರ್ಷ:
ಆ ಮೂರು ಪಾಠಗಳ ಪುನರಾವರ್ತನೆ ಮುಗಿದ ಮಾರನೇ ದಿನ. ಕೀ ತಿದ್ದಿದ ಮೇಲೆ ಈಗ 0.50 ಬರ್ತಿದೆ, ವಿಚಲನೆ 3.3.

ಅಂಕಿಮೇಷ್ಟ್ರು:
ಹಾಗಾದರೆ 40ಕ್ಕೆ 31.5 ಸರಾಸರಿ ಬಂದಿದ್ದರಲ್ಲಿ ಆಶ್ಚರ್ಯವೇನಿಲ್ಲ. ಎಲ್ಲರೂ ಮೇಲೇ ಗುಂಪುಗೂಡಿದ್ದಾರೆ. ಈಗಿನ ಲೆಕ್ಕದಲ್ಲಿ ಒಬ್ಬ ಮಗುವಿನ ಅಂಕದ ಮಾನಕ ದೋಷ (ಅಂಕ ನಿಜವಾದ ಮಟ್ಟದಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಆಗಬಹುದು ಅನ್ನೋದು) 3.3 ಗುಣಿಸು, 1ರಲ್ಲಿ ಕೆಆರ್-20 ಕಳೆದು ಉಳಿದ 0.5ರ ವರ್ಗಮೂಲ, ಅಂದರೆ ಸುಮಾರು 2.3. ಹಾಗಾಗಿ 30 ಬಂದವನಿಗೂ 32 ಬಂದವನಿಗೂ ನಿಜವಾಗಿ ವ್ಯತ್ಯಾಸ ಇದೆ ಅಂತ ಈ ಪರೀಕ್ಷೆ ನಂಬಿ ಹೇಳೋ ಹಾಗಿಲ್ಲ.

ಪ್ರಶ್ನೆ ಜಾಸ್ತಿ ಮಾಡಿ ಸರಿಪಡಿಸೋಣ ಅಂದರೆ ಪರೀಕ್ಷೆ ಉದ್ದ ಮಾಡಿದರೆ ವಿಶ್ವಸನೀಯತೆ ಎಷ್ಟು ಏರುತ್ತೆ ಅಂತ ಹೇಳುವ ಸ್ಪಿಯರ್‌ಮನ್-ಬ್ರೌನ್ ಸೂತ್ರ ಅಡ್ಡ ಬರುತ್ತೆ. 0.5ರಿಂದ 0.7ಕ್ಕೆ ಏರಲು ಪರೀಕ್ಷೆ 2.33 ಪಟ್ಟು ಉದ್ದ ಆಗಬೇಕು. 90 ದಾಟಿದ ಪ್ರಶ್ನೆಗಳನ್ನು ಒಂಬತ್ತನೇ ತರಗತಿ ಮಕ್ಕಳ ಮುಂದೆ ಇಡ್ತೀರಾ? ಬೇಡ. ಆ 14ರಲ್ಲಿ ಏಳೆಂಟನ್ನು, ನೀಲನಕ್ಷೆಯ ಅದೇ ಖಾನೆಯೊಳಗೇ, ಸ್ವಲ್ಪ ಕಷ್ಟದ ಪ್ರಶ್ನೆಗಳಿಂದ ಬದಲಾಯಿಸಿ. ಪರೀಕ್ಷೆಯ ಶುರುವಿನಲ್ಲಿ ಧೈರ್ಯ ಬರಲಿ ಅಂತ ನಾಲ್ಕೈದು ಸುಲಭದವು ಇರಲಿ.

0.7 ಅನ್ನೋದು ಕಲ್ಲಲ್ಲಿ ಕೆತ್ತಿದ್ದೇನಲ್ಲ. ಅಮೆರಿಕದ ಮನೋಮಾಪನ ತಜ್ಞ ಜಮ್ ನನ್ನಲೀ 1978ರಲ್ಲಿ ಸಂಶೋಧನೆಯ ಆರಂಭದ ಹಂತಕ್ಕೆ ಅದು ಸಾಕು ಅಂದಿದ್ದರು. ಒಬ್ಬೊಬ್ಬರ ಭವಿಷ್ಯ ನಿರ್ಧಾರ ಮಾಡುವ ಪರೀಕ್ಷೆಗೆ 0.9 ಕೂಡ ಕನಿಷ್ಠ ಅಂದವರು ಅವರೇ. ನೀವು ಎರಡು ಗುಂಪುಗಳ ಸರಾಸರಿ ಹೋಲಿಸುವವರು. ಸ್ವಲ್ಪ ಕಡಿಮೆ ಇದ್ದರೂ ನಡೆಯುತ್ತೆ, ಆದರೆ ನಿಜವಾದ ವ್ಯತ್ಯಾಸ ಇದ್ದರೂ ಕೈಗೆ ಸಿಗದೇ ಜಾರಬಹುದು. ಗೈಡ್ ಮೇಡಂ ಹೇಳಿದ್ದರಲ್ಲಿ ಅರ್ಥ ಇದೆ.

ಕರಾವಳಿ_ಟೀಚರ್:
31ನೇ ಪ್ರಶ್ನೆ ಮರೆತೇಬಿಟ್ಟಿರಿ.

ಎಂಎಡ್_ಎರಡನೇ_ವರ್ಷ:
ಹೌದಲ್ವಾ. ಅದು "ಚಂದ್ರನ ಮೇಲೆ ಜಿ ಬೆಲೆ ಏನಾಗುತ್ತದೆ?" ಅಂತ. ನಾನು ಕೇಳಿದ್ದು ವಿಶ್ವ ಗುರುತ್ವ ಸ್ಥಿರಾಂಕ, ಅಂದರೆ ದೊಡ್ಡ ಜಿ. ಉತ್ತರ "ಬದಲಾಗುವುದಿಲ್ಲ". ಜಾಸ್ತಿ ಜನ "ಆರನೇ ಒಂದು ಭಾಗ" ಅಂತ ಬರೆದಿದ್ದಾರೆ, ಮೇಲಿನ ಗುಂಪಿನವರೂ.

ಕರಾವಳಿ_ಟೀಚರ್:
ಜೆರಾಕ್ಸ್ ಪ್ರತಿಯಲ್ಲಿ ದೊಡ್ಡ ಜಿ, ಚಿಕ್ಕ ಜಿ ಬೇರೆ ಬೇರೆ ಕಾಣ್ತವಾ ನೋಡಿ. ನಮ್ಮಲ್ಲಿ ಒಮ್ಮೆ ಹೀಗೇ ಆಗಿತ್ತು. ಚಿಕ್ಕದು ಅಂತ ಓದಿದರೆ ಮಕ್ಕಳು ಬರೆದಿದ್ದೇ ಸರಿ. ಅಕ್ಷರ ಬಿಟ್ಟು "ವಿಶ್ವ ಗುರುತ್ವ ಸ್ಥಿರಾಂಕದ ಬೆಲೆ" ಅಂತಲೇ ಪೂರ್ತಿ ಬರೆಯಿರಿ.

ಎಂಎಡ್_ಎರಡನೇ_ವರ್ಷ:
ನೋಡಿದೆ ಮೇಡಂ, ಎರಡೂ ಒಂದೇ ಥರ ಮಸಿ ಹಿಡಿದಿವೆ. ತಿದ್ದಿದ ಪತ್ರಿಕೆಯನ್ನು ಇನ್ನೊಂದು ಶಾಲೆಯಲ್ಲಿ, ಪುನರಾವರ್ತನೆಗೆ ಮುಂಚೆ ಕೊಡ್ತೀನಿ. ಇಬ್ಬರಿಗೂ ಥ್ಯಾಂಕ್ಸ್. ಕೊನೇ ಪ್ರಶ್ನೆ: ಗೈಡ್ ಕೆಆರ್-20 ಬೇಡ, ಕ್ರಾನ್‌ಬ್ಯಾಕ್ ಆಲ್ಫಾ ಕೊಡಿ ಅಂದರೆ ಮತ್ತೆ ಎಲ್ಲಾ ಲೆಕ್ಕ ಮಾಡಬೇಕಾ?

ಅಂಕಿಮೇಷ್ಟ್ರು:
ಬೇಡ. ಅಂಕ 0 ಅಥವಾ 1 ಮಾತ್ರ ಇದ್ದಾಗ ಎರಡೂ ಒಂದೇ ಸಂಖ್ಯೆ. 1951ರಲ್ಲಿ ಕ್ರಾನ್‌ಬ್ಯಾಕ್ ಬರೆದ ಆಲ್ಫಾ ಇದರದ್ದೇ ವಿಶಾಲ ರೂಪ, ಐದು ಹಂತದ ಮನೋಭಾವ ಮಾಪನಿಗಳಿಗೂ ಆಗುವಂಥದ್ದು. ಎಕ್ಸೆಲ್‌ನಲ್ಲಿ ಒಟ್ಟು ಅಂಕದ ವಿಚಲನೆಯ ವರ್ಗಕ್ಕೆ ವಾರ್ ಡಾಟ್ ಪಿ (VAR.P) ಫಾರ್ಮುಲಾ ಬಳಸಿದ್ದೀರಾ ಅಂತ ಮಾತ್ರ ನೋಡಿ. ವಾರ್ ಡಾಟ್ ಎಸ್ (VAR.S) ಹಾಕಿದ್ದರೆ ಎರಡನೇ ದಶಾಂಶದಲ್ಲಿ ಚೂರು ವ್ಯತ್ಯಾಸ ಬರುತ್ತೆ.